ಬಾವುಟ ಯಾರದು, ಬಂಡವಾಳ ಯಾರದು?

1918ರ ಸೆಪ್ಟೆಂಬರಿನಲ್ಲಿ ಶಾಂಘೈನ ನಾನ್‌ಜಿಂಗ್ ರಸ್ತೆಯಲ್ಲಿ ‘ವಿಂಗ್ ಆನ್’ ಎಂಬ ಭಾರೀ ಮಳಿಗೆಯೊಂದು ಬಾಗಿಲು ತೆರೆಯಿತು. ರೇಷ್ಮೆಯಿಂದ ಹಿಡಿದು ಗಡಿಯಾರದವರೆಗೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತಿದ್ದ ಆ ಕಟ್ಟಡದ ಚಾವಣಿಯ ಮೇಲೆ ವಿನೋದಕ್ಕೆಂದು ಉದ್ಯಾನವೂ ಇತ್ತು. ಕಟ್ಟಿಸಿದವರು ಗುವೊ ಸಹೋದರರು. ಗ್ವಾಂಗ್‌ಡಾಂಗ್ ಪ್ರಾಂತದಿಂದ ಆಸ್ಟ್ರೇಲಿಯಾಕ್ಕೆ ಹೋಗಿ, 1897ರಲ್ಲಿ ಸಿಡ್ನಿಯಲ್ಲಿ ಹಣ್ಣಿನ ಅಂಗಡಿ ಇಟ್ಟು, ಬಾಳೆಹಣ್ಣಿನ ವ್ಯಾಪಾರದಲ್ಲಿ ಕಾಸು ಮಾಡಿಕೊಂಡು, 1907ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮಳಿಗೆ ತೆರೆದವರು. ಶಾಂಘೈನದು ಅವರ ಕನಸಿನ ಮಳಿಗೆ. ಮಾಲೀಕರು ಚೀನೀಯರು, ಗಿರಾಕಿಗಳು ಬಹುಪಾಲು ಚೀನೀಯರು, ಊರು ಚೀನಾದ್ದು. ಕಂಪನಿ ಮಾತ್ರ ಬ್ರಿಟಿಷರದು! ಕಾರಣ ಇಷ್ಟೇ, ಅದರ ನೋಂದಣಿ ಆಗಿದ್ದು ಬ್ರಿಟನ್ನಿನ ವಸಾಹತಾದ ಹಾಂಗ್‌ಕಾಂಗ್‌ನಲ್ಲಿ.

ಆಗಿನ ಚೀನಾದ ಸ್ಥಿತಿ ಗೊತ್ತಿದ್ದವರಿಗೆ ಇದು ಆಶ್ಚರ್ಯವೇನಲ್ಲ. ಬೀಜಿಂಗಿನಲ್ಲೊಂದು ಸರ್ಕಾರ, ದಕ್ಷಿಣದಲ್ಲಿ ಅದಕ್ಕೆದುರಾಗಿ ಇನ್ನೊಂದು, ಮಧ್ಯೆ ನಮ್ಮ ಪಾಳೆಯಗಾರರನ್ನು ನೆನಪಿಸುವ ಸೇನಾಧಿಪತಿಗಳು. ಯಾರು ಯಾವಾಗ ಬಂದು ಕಪ್ಪ ಕೇಳುತ್ತಾರೋ ಹೇಳುವಂತಿರಲಿಲ್ಲ. ಬ್ರಿಟಿಷ್ ಕಂಪನಿಯ ಮೈ ಮುಟ್ಟಲು ಮಾತ್ರ ಅವರೂ ಹಿಂಜರಿಯುತ್ತಿದ್ದರು. 1840ರ ದಶಕದ ಒಪ್ಪಂದಗಳ ಪ್ರಕಾರ ಚೀನಾದಲ್ಲಿದ್ದ ಬ್ರಿಟಿಷ್ ಪ್ರಜೆ ಚೀನಾದ ನ್ಯಾಯಾಲಯಕ್ಕೆ ಒಳಪಟ್ಟವನಲ್ಲ. ಅವನ ಮೇಲಿನ ದೂರು ಬ್ರಿಟಿಷ್ ಕಾನ್ಸುಲರ ಮುಂದೆಯೇ ಹೋಗಬೇಕು. 1865ರಲ್ಲಿ ಶಾಂಘೈನಲ್ಲಿ ಬ್ರಿಟಿಷರು ತಮ್ಮದೇ ಸುಪ್ರೀಂ ಕೋರ್ಟನ್ನೂ ಸ್ಥಾಪಿಸಿಕೊಂಡರು. ಸುಂಕದಲ್ಲೂ ಅನುಕೂಲವಿತ್ತು. ಚೀನೀ ವ್ಯಾಪಾರಿಯ ಸರಕು ದಾರಿಯುದ್ದಕ್ಕೂ ನಾಕೆಗಳಲ್ಲಿ ‘ಲಿಕಿನ್’ ಎಂಬ ತೆರಿಗೆ ತೆತ್ತು ಸಾಗಬೇಕಾದರೆ, ವಿದೇಶಿಯ ಸರಕಿಗೆ ಶೇ 2.5 ಒಂದೇ ಸಲ ಕಟ್ಟಿ ರಹದಾರಿ ಪಡೆದರೆ ಮುಗಿಯಿತು. ಹೆಸರು ಬಾಡಿಗೆಗೆ ಕೊಡುವ ವಿದೇಶಿಯರೂ, ಬಾಡಿಗೆಗೆ ಪಡೆಯುವ ಚೀನೀಯರೂ ಹುಟ್ಟಿಕೊಳ್ಳಲು ಇನ್ನೇನು ಬೇಕು? ಬೇನಾಮಿ ವ್ಯವಹಾರ ಕಂಡುಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಕಾನ್ಸುಲರಿಗೆ ತಲೆನೋವು. ಒಂದು ದಿನ ವಿಂಗ್ ಆನ್‌ನಂಥ ಮಳಿಗೆಗೆ ಸೇನಾಧಿಪತಿಯೊಬ್ಬನಿಂದ ಕಿರುಕುಳವಾಯಿತು ಎನ್ನಿ. ಬ್ರಿಟನ್ ತನ್ನ ಯುದ್ಧನೌಕೆಯ ಭಯ ತೋರಿಸಿ, ಚೀನೀಯರ ಆಸ್ತಿಯನ್ನು ಚೀನೀಯರಿಂದಲೇ ಕಾಪಾಡಬೇಕೆ?

ಉಡುಪು ನೋಡಿ ಮಣೆ

ರಾಜತಾಂತ್ರಿಕ ರಕ್ಷಣೆ ಎಂದರೆ, ‘ನಮ್ಮವನಿಗೆ ನಿಮ್ಮಲ್ಲಿ ಅನ್ಯಾಯವಾಗಿದೆ, ಪರಿಹಾರ ಕೊಡಿ’ ಎಂದು ಒಂದು ಸರ್ಕಾರ ಇನ್ನೊಂದು ಸರ್ಕಾರವನ್ನು ಕೇಳುವುದು. ಕೇಳಲೇಬೇಕೆಂದಿಲ್ಲ, ಬೇಕಿದ್ದರೆ ಕೇಳಬಹುದು. ಹಕ್ಕು ಸರ್ಕಾರದ್ದೇ ಹೊರತು ನೊಂದವನದಲ್ಲ. ಹೀಗಾಗಿ ‘ನಮ್ಮವನು’ ಯಾರು ಎಂಬುದೇ ಮೊದಲ ಪ್ರಶ್ನೆ.

ವ್ಯಕ್ತಿಗಳ ವಿಷಯದಲ್ಲೇ ಇದು ಸಲೀಸಾಗಿರಲಿಲ್ಲ. 1847ರ ಈಸ್ಟರ್ ವೇಳೆ ಅಥೆನ್ಸಿನಲ್ಲಿ ಡಾನ್ ಪಾಸಿಫಿಕೊ ಎಂಬ ಯಹೂದಿ ವರ್ತಕನ ಮನೆಯನ್ನು ಗುಂಪೊಂದು ಲೂಟಿ ಮಾಡಿತು. ಆತ ಪೋರ್ಚುಗಲ್ ಮೂಲದವನು, ಅದೇ ದೇಶದ ಕಾನ್ಸುಲನಾಗಿಯೂ ಇದ್ದವನು. ಆದರೆ ಹುಟ್ಟಿದ್ದು ಬ್ರಿಟಿಷ್ ವಸಾಹತಾದ ಜಿಬ್ರಾಲ್ಟರಿನಲ್ಲಿ. ಅಷ್ಟೇ ಸಾಕೆಂದು ಬ್ರಿಟನ್ನಿನ ವಿದೇಶಾಂಗ ಸಚಿವ ಪಾಮರ್‌ಸ್ಟನ್ 1850ರಲ್ಲಿ ಗ್ರೀಸಿನ ಬಂದರಿಗೆ ನೌಕಾಪಡೆ ಕಳಿಸಿ ದಿಗ್ಬಂಧನ ಹಾಕಿದ. ಇನ್ನೊಂದೆಡೆ, 1868ರಲ್ಲಿ ಚೀನಾದಲ್ಲಿದ್ದ ಬ್ರಿಟಿಷ್ ರಾಯಭಾರಿ ರುದರ್‌ಫರ್ಡ್ ಆಲ್ಕಾಕ್ ತೀರಾ ತದ್ವಿರುದ್ಧ ದಾರಿ ಹಿಡಿದ. ಬ್ರಿಟಿಷ್ ವಸಾಹತುಗಳಲ್ಲಿ ಹುಟ್ಟಿದ ಚೀನೀ ಮೂಲದವರು ಚೀನಾಕ್ಕೆ ಬಂದಾಗ ಬ್ರಿಟಿಷ್ ರಕ್ಷಣೆ ಬೇಕಿದ್ದರೆ ಚೀನೀ ಉಡುಪು ತೊಡುವಂತಿಲ್ಲ ಎಂದ. ಜುಟ್ಟು, ನಿಲುವಂಗಿಯಲ್ಲಿ ಚೀನೀಯರೊಳಗೆ ಚೀನೀಯನಾಗಿದ್ದು, ಕಷ್ಟ ಬಂದಾಗ ಮಾತ್ರ ಬ್ರಿಟಿಷನಾಗುವುದು ನಡೆಯದು ಎಂಬ ತರ್ಕ. ಒರಟು ನಿಯಮವೇನೋ ಹೌದು. ಆದರೂ ಅದರ ಹಿಂದಿನ ಪ್ರಶ್ನೆ ಸರಿಯಾಗೇ ಇದೆ: ದಿನನಿತ್ಯ ನೀನು ಯಾರಾಗಿ ಬದುಕುತ್ತೀಯೆ?

ಕಂಪನಿಗೆ ಈ ಪರೀಕ್ಷೆ ಹೇಗೆ ಮಾಡುವುದು? ಅದಕ್ಕೆ ಜುಟ್ಟೂ ಇಲ್ಲ, ಟೋಪಿಯೂ ಇಲ್ಲ.

1884ರ ಬೇಸಿಗೆಯಲ್ಲಿ ಚೀನಾ ಮತ್ತು ಫ್ರಾನ್ಸ್ ನಡುವೆ ಕದನ ಹೊತ್ತಿಕೊಂಡಾಗ ನಡೆದ ಪ್ರಸಂಗ ಈ ಗೊಂದಲವನ್ನು ತೆರೆದು ತೋರಿಸುತ್ತದೆ. ಚೀನೀ ಸರ್ಕಾರದ ಬೆಂಬಲವಿದ್ದ ‘ಚೈನಾ ಮರ್ಚಂಟ್ಸ್’ ಹಡಗು ಕಂಪನಿಗೆ ಫ್ರೆಂಚರು ತನ್ನ ಹಡಗುಗಳನ್ನು ವಶಪಡಿಸಿಕೊಂಡಾರೆಂಬ ಭಯ. ಅದು ತನ್ನ ಇಡೀ ಆಸ್ತಿಯನ್ನು ಅಮೆರಿಕದ ರಸೆಲ್ ಕಂಪನಿಗೆ ಮಾರಿಬಿಟ್ಟಿತು. ಹಡಗುಗಳ ಮೇಲೆ ಅಮೆರಿಕದ ಬಾವುಟ ಹಾರಿತು, ಫ್ರೆಂಚರು ತೆಪ್ಪಗಾದರು. ಮರುವರ್ಷ ಯುದ್ಧ ಮುಗಿಯಿತು, ಹಡಗುಗಳು ಹಳೆಯ ಮಾಲೀಕರ ಕೈಗೆ ವಾಪಸು ಬಂದವು. ತಮಾಷೆಯೆಂದರೆ, ಏಳು ವರ್ಷದ ಹಿಂದೆ, 1877ರಲ್ಲಿ, ಇದೇ ರಸೆಲ್ ಕಂಪನಿಯ ಹಡಗುಗಳನ್ನು ಕೊಂಡುಕೊಂಡಿದ್ದು ಚೈನಾ ಮರ್ಚಂಟ್ಸೇ. ಮಾರಾಟ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ಅದನ್ನು ನಂಬಿದವರು ಎಷ್ಟು ಜನವೋ!

ಹಾಂಗ್‌ಕಾಂಗ್‌ನ ಕಾಗದವನ್ನು ಚೀನೀಯರಷ್ಟೇ ಬಳಸಲಿಲ್ಲ. ಅಮೆರಿಕನ್ನರಿಗೂ ಅದು ಬೇಕಾಗಿತ್ತು. ಅಮೆರಿಕದಲ್ಲಿ ಕಂಪನಿ ಕಾಯ್ದೆ ಎಂಬುದು ಒಂದೊಂದು ರಾಜ್ಯಕ್ಕೆ ಒಂದೊಂದು. ಚೀನಾದಲ್ಲಿ ವ್ಯಾಪಾರ ಮಾಡುವವರಿಗೆ ಹೊಂದುವಂಥ ಕೇಂದ್ರ ಕಾಯ್ದೆ ಇರಲಿಲ್ಲ. ಹಾಂಗ್‌ಕಾಂಗ್ ಹತ್ತಿರ, ಅಲ್ಲಿನ ಕಾನೂನು ಸರಳ. ಹೀಗಾಗಿ ಶಾಂಘೈನ ಎಷ್ಟೋ ಅಮೆರಿಕನ್ ವ್ಯವಹಾರಗಳು ಬ್ರಿಟಿಷ್ ಕಂಪನಿಗಳ ವೇಷದಲ್ಲಿದ್ದವು. ಶಾಂತಿಕಾಲದಲ್ಲಿ ಯಾರಿಗೂ ಅಭ್ಯಂತರವಿರಲಿಲ್ಲ. ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ಆಡಳಿತ ಮಂಡಳಿಯಲ್ಲೇ 1914ರವರೆಗೆ ಜರ್ಮನ್ನರು ಕೂರುತ್ತಿದ್ದರು.

ಮೊದಲ ಮಹಾಯುದ್ಧ ಈ ಸೈರಣೆಯನ್ನು ಕೊನೆಗಾಣಿಸಿತು. ಲಂಡನ್ನಿನಲ್ಲೇ ಒಂದು ಮೊಕದ್ದಮೆ ನಡೆಯಿತು. ಇಂಗ್ಲೆಂಡಿನಲ್ಲಿ ನೋಂದಾಯಿತವಾದ ಕಾಂಟಿನೆಂಟಲ್ ಟೈರ್ ಕಂಪನಿ, ಡೈಮ್ಲರ್ ಕಂಪನಿಯಿಂದ ತನಗೆ ಬರಬೇಕಾದ ಬಾಕಿ ಕೇಳಿತು. ಅದರ 25,000 ಷೇರುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಜರ್ಮನ್ನರ ಕೈಯಲ್ಲಿದ್ದವು. ಆ ಒಂದೇ ಒಂದು ಷೇರು ಕಂಪನಿಯ ಕಾರ್ಯದರ್ಶಿಯದು. ಅವನೂ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದವನು. 1916ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಭುಗಳ ಸಭೆ ತೀರ್ಪು ಕೊಟ್ಟು, ಕಾಗದ ಇಂಗ್ಲೆಂಡಿನದಾದರೂ ಹಿಂದಿರುವ ಕೈ ಶತ್ರುವಿನದಾದರೆ ಕಂಪನಿಯೂ ಶತ್ರುವಿನ ಗುಣ ಪಡೆಯಬಹುದು ಎಂದಿತು.

ಅದೇ ಹೊತ್ತಿಗೆ ಚೀನಾದ ಹಾಂಗ್‌ಕಾಂಗ್ ಕಂಪನಿಗಳಿಗೂ ಲಗಾಮು ಬಿತ್ತು. 1915ರಲ್ಲೊಂದು, 1919ರಲ್ಲಿ ಇನ್ನೊಂದು ರಾಜಾಜ್ಞೆ ಹೊರಟವು. ಎರಡೂ ಸೇರಿ ಹೇಳಿದ್ದು: ಚೀನಾದಲ್ಲಿ ವ್ಯವಹರಿಸುವ ಕಂಪನಿ ಬ್ರಿಟಿಷ್ ಎನಿಸಿಕೊಳ್ಳಬೇಕಾದರೆ ಅದರ ನಿರ್ದೇಶಕರಲ್ಲಿ ಬಹುಮತ ಬ್ರಿಟಿಷ್ ಪ್ರಜೆಗಳದ್ದಾಗಿರಬೇಕು, ಆಡಳಿತದ ಚುಕ್ಕಾಣಿ ಹಿಡಿದವರೂ ಅವರೇ ಆಗಿರಬೇಕು. ಅಮೆರಿಕನ್ ಮಾಲೀಕರಿಗೆ ಇದು ಬಿಸಿ ತುಪ್ಪವಾಯಿತು. ತಮ್ಮ ಹಣ, ಆದರೆ ಯಜಮಾನಿಕೆ ಬ್ರಿಟಿಷರ ಕೈಗೆ! ಶಾಂಘೈನ ಅಮೆರಿಕನ್ ವರ್ತಕರು ವಾಷಿಂಗ್ಟನ್ನಿನ ಮೇಲೆ ಒತ್ತಡ ತಂದರು. 1922ರ ಸೆಪ್ಟೆಂಬರಿನಲ್ಲಿ ‘ಚೈನಾ ಟ್ರೇಡ್ ಆ್ಯಕ್ಟ್’ ಬಂತು. ಅಲ್ಲಿಂದ ಅವರು ತಮ್ಮದೇ ಬಾವುಟದಡಿ ಕಂಪನಿ ಕಟ್ಟುವಂತಾಯಿತು.

ಬ್ರಿಟಿಷರ ಆ ನಿಯಮದಲ್ಲಿ ಸಾಮ್ರಾಜ್ಯದ ಸ್ವಾರ್ಥವಿತ್ತು, ಪೈಪೋಟಿಯವರನ್ನು ಹೊರಗಿಡುವ ಹುನ್ನಾರವೂ ಇತ್ತು. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ, ರಕ್ಷಣೆಗೆ ಕಾಗದವೊಂದೇ ಸಾಲದು ಎಂದು ಬರಹದಲ್ಲಿ ಹೇಳಿದ ಧೈರ್ಯ ಅದರದು.

ಬಾಡಿಗೆಯ ಬಾವುಟಕ್ಕೆ ಬಾಧೆಯೂ ಅಂಟಿಕೊಂಡಿರುತ್ತದೆ. 1937ರಲ್ಲಿ ಜಪಾನಿ ಸೇನೆ ಶಾಂಘೈಗೆ ಬಂದಾಗ ಹಲವು ಚೀನೀ ಗಿರಣಿ ಮಾಲೀಕರು ಬ್ರಿಟಿಷ್, ಅಮೆರಿಕನ್ ಹೆಸರುಗಳ ಆಸರೆ ಪಡೆದರು. ನಾಲ್ಕು ವರ್ಷ ಅದು ಕೆಲಸ ಮಾಡಿತು. 1941ರ ಡಿಸೆಂಬರಿನಲ್ಲಿ ಜಪಾನ್ ಬ್ರಿಟನ್ ಮತ್ತು ಅಮೆರಿಕಗಳ ಮೇಲೂ ಯುದ್ಧ ಸಾರಿದಾಗ ಅದೇ ಬೋರ್ಡು ‘ಶತ್ರುವಿನ ಆಸ್ತಿ’ ಎಂಬ ಗುರುತಾಯಿತು. 1943ರ ಜನವರಿ 11ರಂದು ಬ್ರಿಟನ್ ಮತ್ತು ಅಮೆರಿಕ ಎರಡೂ ಚೀನಾದಲ್ಲಿನ ತಮ್ಮ ವಿಶೇಷ ನ್ಯಾಯಾಧಿಕಾರ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದವು. ಹಾಂಗ್‌ಕಾಂಗ್ ಕಾಗದದ ಮಹಿಮೆ ಅಲ್ಲಿಗೆ ಮುಗಿಯಿತು.

ಬಹರೇನಿನ ಕೆನಡಾ

ಬಹರೇನ್ ಎಂದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಪಕ್ಕದ ಊರಿದ್ದಂತೆ. ಅಲ್ಲಿನ ತೈಲ ಕಂಪನಿ ‘ಬಾಪ್ಕೊ’ ಹೆಸರೂ ಅಪರಿಚಿತವಲ್ಲ. ಆದರೆ ಆ ಕಂಪನಿ 1929ರ ಜನವರಿಯಲ್ಲಿ ಹುಟ್ಟಿದ್ದು ಕೆನಡಾದಲ್ಲಿ ಎಂಬುದು ಕೆಲವರಿಗಷ್ಟೇ ಗೊತ್ತಿರಬಹುದು. ಕೆನಡಾಕ್ಕೂ ಮರಳುಗಾಡಿನ ದ್ವೀಪಕ್ಕೂ ಏನು ಸಂಬಂಧ?

ನ್ಯೂಜಿಲೆಂಡಿನ ಫ್ರಾಂಕ್ ಹೋಮ್ಸ್ ಎಂಬ ಸಾಹಸಿ 1925ರಲ್ಲಿ ಬಹರೇನಿನ ಶೇಖ್ ಅವರಿಂದ ತೈಲ ಹುಡುಕುವ ಹಕ್ಕು ಪಡೆದಿದ್ದ. ಅದು ಕೈಯಿಂದ ಕೈಗೆ ದಾಟಿ 1928ರ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಗೆ ಬಂತು. ಆದರೆ ಕೊಲ್ಲಿಯ ಶೇಖರ ಸಂಸ್ಥಾನಗಳು ಬ್ರಿಟಿಷರ ಅಂಕೆಯಲ್ಲಿದ್ದವು. ನೇರವಾಗಿ ಹೇಳಬೇಕೆಂದರೆ ಭಾರತ ಸರ್ಕಾರದ ಅಂಕೆಯಲ್ಲಿ. ಪರ್ಷಿಯಾದ ಬುಶೈರ್‌ನಲ್ಲಿ ಕೂತ ಪೊಲಿಟಿಕಲ್ ರೆಸಿಡೆಂಟ್ ದೆಹಲಿಗೆ ವರದಿ ಬರೆಯುತ್ತಿದ್ದ, ಬಹರೇನಿನ ಬಜಾರಿನಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. ಮೈಸೂರಿಗೆ ರೆಸಿಡೆಂಟ್ ಇದ್ದ ಹಾಗೆಯೇ ಅಲ್ಲಿಗೂ. ಬ್ರಿಟಿಷ್ ಕಂಪನಿಯಲ್ಲದೆ ಬೇರೆಯವರಿಗೆ ಅಲ್ಲಿ ಕಾಲಿಡಲು ಅವಕಾಶವಿರಲಿಲ್ಲ.

ಅಮೆರಿಕನ್ನರು ಉಪಾಯ ಮಾಡಿದರು. ಕೆನಡಾ ಬ್ರಿಟಿಷ್ ಸಾಮ್ರಾಜ್ಯದ ಡೊಮಿನಿಯನ್. ಅಲ್ಲಿ ನೋಂದಾಯಿಸಿದರೆ ಕಂಪನಿ ಕಾನೂನಿನ ಕಣ್ಣಲ್ಲಿ ಬ್ರಿಟಿಷ್. ಪೂರ್ತಿ ಬಂಡವಾಳ ಕ್ಯಾಲಿಫೋರ್ನಿಯಾದ್ದು, ಎಣ್ಣೆ ಬಹರೇನಿನದು, ಕಾಗದ ಮಾತ್ರ ಕೆನಡಾದ್ದು. ಬ್ರಿಟಿಷ್ ಅಧಿಕಾರಿಗಳೇನು ದಡ್ಡರಲ್ಲ, ಗಟ್ಟಿ ಷರತ್ತುಗಳನ್ನು ಹಾಕಿದರು. ಐವರು ನಿರ್ದೇಶಕರಲ್ಲಿ ಒಬ್ಬ ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಗೆಯಾದ ಬ್ರಿಟಿಷ್ ಪ್ರಜೆಯಾಗಿರಬೇಕು. ಬಹರೇನಿನಲ್ಲಿ ಕಂಪನಿಯ ಮುಖ್ಯ ಪ್ರತಿನಿಧಿಯ ನೇಮಕಕ್ಕೆ ಬ್ರಿಟಿಷರ ಅನುಮೋದನೆ ಬೇಕು. ಶೇಖ್ ಜೊತೆಗಿನ ವ್ಯವಹಾರವೆಲ್ಲ ಅಲ್ಲಿದ್ದ ಬ್ರಿಟಿಷ್ ಪೊಲಿಟಿಕಲ್ ಏಜೆಂಟನ ಮೂಲಕವೇ ಹೋಗಬೇಕು. ಕಂಪನಿ ತಲೆದೂಗಿತು.

ಇದರಲ್ಲಿ ನನಗೆ ಅತ್ಯಂತ ಕುತೂಹಲದ ಸಂಗತಿ ಬೇರೆ. 1929ರಲ್ಲಿ ಮಾತುಕತೆ ಸಿಕ್ಕಿಹಾಕಿಕೊಂಡಾಗ ಲಂಡನ್ನಿನ ಬಾಗಿಲು ತಟ್ಟಿದ್ದು ಅಮೆರಿಕದ ರಾಯಭಾರ ಕಚೇರಿ. ಕಾಗದದ ಮೇಲೆ ಬ್ರಿಟಿಷ್ ಕಂಪನಿಯ ಪರವಾಗಿ ಬ್ರಿಟಿಷ್ ಸರ್ಕಾರದ ಎದುರೇ ಅಮೆರಿಕ ವಕಾಲತ್ತು ವಹಿಸಿತು! ಲಂಡನ್ನೂ ‘ಇದು ನಿಮ್ಮ ಕಂಪನಿಯಲ್ಲ’ ಎಂದು ಹಟ ಹಿಡಿಯದೆ ಬಾಗಿತು. 1932ರಲ್ಲಿ ಜಬಲ್ ದುಖಾನ್ ಗುಡ್ಡದ ಬಳಿ ಎಣ್ಣೆ ಚಿಮ್ಮಿದ ಮೇಲೆ ಯಾರ ಕಂಪನಿ ಎಂಬ ಪ್ರಶ್ನೆಯನ್ನು ಕೇಳುವ ಪುರುಸೊತ್ತೂ ಯಾರಿಗಿರಲಿಲ್ಲ.

ಬಾರ್ಸಿಲೋನಾದ ಬೆಳಕು, ಟೊರಾಂಟೊದ ಕಾಗದ

ಎಂಥ ಕಡತವಾದರೂ ಕೊನೆಗೆ ನ್ಯಾಯಾಲಯಕ್ಕೆ ಬರಲೇಬೇಕಲ್ಲ. ಬಂದದ್ದು ಸ್ಪೇನಿನಿಂದ. ಅಮೆರಿಕನ್ ಎಂಜಿನಿಯರ್ ಫ್ರೆಡರಿಕ್ ಪಿಯರ್ಸನ್ 1911ರಲ್ಲಿ ಟೊರಾಂಟೊದಲ್ಲಿ ‘ಬಾರ್ಸಿಲೋನಾ ಟ್ರ್ಯಾಕ್ಷನ್’ ಎಂಬ ಕಂಪನಿ ಕಟ್ಟಿ ಕ್ಯಾಟಲೋನಿಯಾಕ್ಕೆ ವಿದ್ಯುತ್ ಕೊಡತೊಡಗಿದ. ಕ್ರಮೇಣ ಷೇರುಗಳ ಬಹುಪಾಲು ಬೆಲ್ಜಿಯಂನವರ ಕೈ ಸೇರಿತು. ಸ್ಪೇನಿನ ಅಂತರ್ಯುದ್ಧದ ನಂತರ ಫ್ರಾಂಕೊ ಸರ್ಕಾರ ವಿದೇಶಿ ಹಣ ಹೊರಹೋಗದಂತೆ ತಡೆಯಿತು, ಕಂಪನಿಗೆ ತನ್ನ ಪೌಂಡ್ ಬಾಂಡುಗಳ ಬಡ್ಡಿ ಕಟ್ಟಲಾಗಲಿಲ್ಲ. ಆಗ ಹೊಸದಾಗಿ ಆ ಬಾಂಡು ಕೊಂಡಿದ್ದ ಮೂವರು ಸ್ಪೇನಿಗರು ರೆಯುಸ್ ಎಂಬ ಸಣ್ಣ ಊರಿನ ನ್ಯಾಯಾಲಯಕ್ಕೆ ಹೋದರು. 1948ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿಯೆಂದು ಘೋಷಣೆಯಾಯಿತು. ಹಿಂದಿದ್ದವನು ಹುವಾನ್ ಮಾರ್ಚ್, ಫ್ರಾಂಕೊನ ದಂಗೆಗೆ ಹಣ ಒದಗಿಸಿದ ಮಯೋರ್ಕಾದ ಕುಬೇರ. ಕೊನೆಗೆ ಆಸ್ತಿಯೆಲ್ಲ ಅವನ ಹೊಸ ಕಂಪನಿಯ ಪಾಲಾಯಿತು.

ಕೆನಡಾ ಕೆಲವು ವರ್ಷ ಪತ್ರ ಬರೆದು 1955ರ ಹೊತ್ತಿಗೆ ಕೈಬಿಟ್ಟಿತು. ಹೇಗೂ ಕೆನಡಿಯನ್ನರ ಹಣ ಹೆಚ್ಚೇನಿರಲಿಲ್ಲ. ನಷ್ಟವಾದವರು ಬೆಲ್ಜಿಯಂನವರು, ಬೆಲ್ಜಿಯಂ ಸರ್ಕಾರ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1970ರ ಫೆಬ್ರುವರಿ 5ರಂದು ಬಂದ ತೀರ್ಪಿನಲ್ಲಿ 15 ನ್ಯಾಯಾಧೀಶರು ಬೆಲ್ಜಿಯಂಗೆ ವಿರುದ್ಧ, ಒಬ್ಬರು ಪರ. ಆ ಒಬ್ಬರು ಬೆಲ್ಜಿಯಂ ನೇಮಿಸಿದವರೇ. ಅನ್ಯಾಯವಾಯಿತೋ ಇಲ್ಲವೋ ಎಂಬುದಕ್ಕೆ ನ್ಯಾಯಾಲಯ ಕೈಯನ್ನೇ ಹಾಕಲಿಲ್ಲ. ಕಂಪನಿ ಕೆನಡಾದ್ದು, ಕೇಳುವ ಹಕ್ಕೂ ಕೆನಡಾದ್ದೇ ಎಂದಿತು. ಜೊತೆಗೆ, ತೆರಿಗೆಯಂಥ ಲಾಭಕ್ಕೆಂದು ಹೊರದೇಶದಲ್ಲಿ ಕಂಪನಿ ಕಟ್ಟುವವರು, ಆ ದೇಶ ತಮ್ಮ ಕೈಬಿಡಬಹುದಾದ ಅಪಾಯವನ್ನೂ ಹೊರಬೇಕು, ಇದರಲ್ಲಿ ಅನ್ಯಾಯವೇನೂ ಇಲ್ಲ ಎಂಬ ಅಭಿಪ್ರಾಯವನ್ನೂ ಬರೆಯಿತು.

ನಿಷ್ಠುರವೆನಿಸಿದರೂ ಈ ಮಾತು ನನಗೆ ಒಪ್ಪಿಗೆ. ಲಾಭಕ್ಕೆ ಟೊರಾಂಟೊ, ಕಷ್ಟಕ್ಕೆ ಬ್ರಸೆಲ್ಸ್ ಎಂಬ ಎರಡು ದೋಣಿಯ ಪಯಣ ಕೂಡದು. ಒಂದು ಅಪವಾದ ಮಾತ್ರ ಬೇಕು. ‘ನಮ್ಮಲ್ಲೇ ನೋಂದಾಯಿಸಿದರೆ ಮಾತ್ರ ಗುತ್ತಿಗೆ’ ಎಂದು ಒತ್ತಾಯಿಸಿ ಕಂಪನಿ ಕಟ್ಟಿಸಿ, ಆಮೇಲೆ ಅದನ್ನೇ ನುಂಗುವ ಸರ್ಕಾರಗಳಿವೆ. 1889ರಲ್ಲಿ ಪೋರ್ಚುಗಲ್ ತನ್ನ ವಸಾಹತು ಮೊಜಾಂಬಿಕ್‌ನಲ್ಲಿ ಡೆಲಗೋವಾ ಕೊಲ್ಲಿಯ ರೈಲುಮಾರ್ಗಕ್ಕೆ ಮಾಡಿದ್ದು ಅದನ್ನೇ. ಕಂಪನಿ ಪೋರ್ಚುಗೀಸ್, ಹಣ ಬ್ರಿಟಿಷರದ್ದು ಮತ್ತು ಅಮೆರಿಕನ್ನರದ್ದು. ಆ ಎರಡು ದೇಶಗಳು ಷೇರುದಾರರ ಪರ ನಿಂತದ್ದರಿಂದ 1900ರಲ್ಲಿ ಸ್ವಿಸ್ ಪಂಚಾಯ್ತಿದಾರರು 1.53 ಕೋಟಿ ಫ್ರಾಂಕ್ ಪರಿಹಾರ ಕೊಡಿಸಿದರು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2006ರಲ್ಲಿ ಅಂತಿಮಗೊಳಿಸಿದ ಕರಡು ನಿಯಮಗಳೂ ಈ ಅಪವಾದವನ್ನು ಒಪ್ಪುತ್ತವೆ. ಇನ್ನೊಂದನ್ನೂ ಸೇರಿಸಿವೆ: ನೋಂದಣಿಯಾದ ದೇಶದಲ್ಲಿ ಕಂಪನಿಗೆ ಹೇಳಿಕೊಳ್ಳುವಂಥ ವ್ಯವಹಾರವೇ ಇಲ್ಲದೆ, ಒಡೆತನ, ಆಡಳಿತ, ಹಣದ ಹಿಡಿತ ಎಲ್ಲವೂ ಮತ್ತೊಂದು ದೇಶದಲ್ಲಿದ್ದರೆ, ಆ ಮತ್ತೊಂದು ದೇಶವೇ ಅದರ ದೇಶ. ಶಾಂಘೈನ ಕಾನ್ಸುಲರು ಕೇಳುತ್ತಿದ್ದ ಪ್ರಶ್ನೆ ಹೊಸ ಅಂಗಿ ತೊಟ್ಟು ಬಂದಂತಿದೆ.

ಬೆಂಗಳೂರಿಗೆ ಬಂದ ಮಾರಿಷಸ್

ಈಗ ಯುದ್ಧನೌಕೆ ಬರುವುದಿಲ್ಲ. ದೇಶ ದೇಶಗಳು ಮಾಡಿಕೊಂಡ ಹೂಡಿಕೆ ಒಪ್ಪಂದಗಳು ಷೇರುದಾರರಿಗೇ ನೇರವಾಗಿ ದಾವೆ ಹೂಡುವ ಹಕ್ಕು ಕೊಟ್ಟಿವೆ. ರಾಯಭಾರಿಯ ಜಾಗದಲ್ಲಿ ವಕೀಲರು ಬಂದಿದ್ದಾರೆ. ಕಾಗದದ ಆಟ ಮಾತ್ರ ಹಾಗೇ ಇದೆ.

ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಪ್ರಕರಣ ನೋಡಿ. ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ 2005ರಲ್ಲಿ ಈ ಕಂಪನಿಗೆ ಉಪಗ್ರಹಗಳ ಎಸ್-ಬ್ಯಾಂಡ್ ಸಾಮರ್ಥ್ಯವನ್ನು ಗುತ್ತಿಗೆಗೆ ಕೊಟ್ಟಿತು, 2011ರಲ್ಲಿ ರದ್ದು ಮಾಡಿತು. ದೇವಾಸ್ ನೋಂದಣಿ ಬೆಂಗಳೂರಿನಲ್ಲೇ ಆದದ್ದು. ಹಳೆಯ ನಿಯಮದಂತೆ ಅದಕ್ಕೆ ಯಾವ ಪರದೇಶವೂ ವಕಾಲತ್ತು ವಹಿಸುವಂತಿರಲಿಲ್ಲ. ಆದರೆ ಅದರ ಷೇರುಗಳನ್ನು ಹಿಡಿದಿದ್ದವರಲ್ಲಿ ಮಾರಿಷಸ್‌ನಲ್ಲಿ ನೋಂದಾಯಿತವಾದ ಕಂಪನಿಗಳಿದ್ದವು, ಅವುಗಳ ಹಿಂದೆ ಅಮೆರಿಕದ ಹೂಡಿಕೆದಾರರಿದ್ದರು. ಅಮೆರಿಕದೊಂದಿಗೆ ನಮಗೆ ಅಂಥ ಒಪ್ಪಂದವಿಲ್ಲ, 1968ರವರೆಗೆ ಬ್ರಿಟಿಷ್ ವಸಾಹತಾಗಿದ್ದ ಮಾರಿಷಸ್ ಜೊತೆ 1998ರಲ್ಲಿ ಮಾಡಿಕೊಂಡದ್ದು ಇತ್ತು. ಆ ಕಾಗದದ ಬಲದಿಂದ ಅವರು ಭಾರತದ ವಿರುದ್ಧ ಪಂಚಾಯ್ತಿಗೆ ಹೋಗಿ ಗೆದ್ದರು. ಮತ್ತೊಂದೆಡೆ ನಮ್ಮ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ದೇವಾಸ್ ಹುಟ್ಟೇ ವಂಚನೆಯದು ಎಂದು ಅದರ ಸಮಾಪ್ತಿಯನ್ನು ಎತ್ತಿಹಿಡಿಯಿತು. ಒಪ್ಪಂದ ರದ್ದು ಮಾಡಿದ ರೀತಿ ಸರಿಯಿತ್ತೇ ಎಂಬುದು ಬೇರೆ ಚರ್ಚೆ. ಆದರೆ ಮಾರಿಷಸ್ ದ್ವೀಪಕ್ಕೆ ಈ ಇಡೀ ವ್ಯವಹಾರದಲ್ಲಿ ಏನು ಪಾತ್ರವಿತ್ತು ಎಂದು ಕೇಳಿದರೆ ಒಂದು ವಿಳಾಸ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದು ಕಷ್ಟ.

ಇಂಥ ಪೆಟ್ಟು ತಿಂದ ಮೇಲೆ ಭಾರತ 2016ರಲ್ಲಿ ಹೊಸ ಮಾದರಿ ಒಪ್ಪಂದ ರಚಿಸಿತು, ಹಳೆಯ ಒಪ್ಪಂದಗಳಲ್ಲಿ ಬಹುಪಾಲನ್ನು ರದ್ದು ಮಾಡಿತು. ಹೊಸ ಮಾದರಿಯಲ್ಲಿ, ನೋಂದಣಿಯಾದ ದೇಶದಲ್ಲಿ ಗಣನೀಯ ವ್ಯವಹಾರ ಇದ್ದರೆ ಮಾತ್ರ ಕಂಪನಿಗೆ ರಕ್ಷಣೆ. ವಿದೇಶಿ ಹೂಡಿಕೆ ಬೇಕೆಂಬ ಅವಸರದಲ್ಲಿ ಈ ಷರತ್ತನ್ನು ಸಡಿಲಿಸುವ ಒತ್ತಡ ಮುಂದೆ ಬಂದೇ ಬರುತ್ತದೆ. ಬೇರೆ ಏನನ್ನಾದರೂ ಬಿಟ್ಟುಕೊಡಲಿ, ಇದೊಂದನ್ನು ಕೊಡಬಾರದು.

ಇದು ಪರರಿಗಷ್ಟೇ ಹೇಳುವ ಮಾತಲ್ಲ. ನಮ್ಮ ಬೆಂಗಳೂರಿನ ನವೋದ್ಯಮಗಳಲ್ಲಿ ಎಷ್ಟೋ ಕಂಪನಿಗಳು ತಮ್ಮ ಮಾತೃಸಂಸ್ಥೆಯನ್ನು ಸಿಂಗಪುರದಲ್ಲೋ ಅಮೆರಿಕದ ಡೆಲವೇರ್‌ನಲ್ಲೋ ನೋಂದಾಯಿಸಿಕೊಂಡವು. ಫ್ಲಿಪ್‌ಕಾರ್ಟ್ 2011ರಲ್ಲಿ ಸಿಂಗಪುರಕ್ಕೆ ಹೋಯಿತು. ಫೋನ್‌ಪೇ 2022ರಲ್ಲಿ ಸಿಂಗಪುರದಿಂದ ಮರಳಿ ಬಂದಾಗ ಅದರ ಹೂಡಿಕೆದಾರರು ಸುಮಾರು 8,000 ಕೋಟಿ ರೂಪಾಯಿ ತೆರಿಗೆ ತೆರಬೇಕಾಯಿತು. ಹೊರಗೇ ಉಳಿದ ಕಂಪನಿಗೆ ನಾಳೆ ಮೂರನೆಯ ದೇಶವೊಂದರಲ್ಲಿ ಅನ್ಯಾಯವಾದರೆ, 1970ರ ತೀರ್ಪಿನ ಪ್ರಕಾರ ಅದರ ಪರ ಮಾತಾಡಬೇಕಾದದ್ದು ಸಿಂಗಪುರ, ದೆಹಲಿಯಲ್ಲ. ಸಿಂಗಪುರ ಮಾತಾಡದಿದ್ದರೆ ಆ ಕಂಪನಿಯ ಕನ್ನಡಿಗ ಷೇರುದಾರರು ದೂರುವಂತೆಯೂ ಇಲ್ಲ.